ಹೊಡೆದುಹಾಕಿದ ಹೆಸರುಗಳ ಜೊತೆ ನಾಲ್ಕು ದಿನ

ಮೊದಲ ದಿನ: ಗುರುವಾರ

ಅಕ್ಟೋಬರ್ ತಿಂಗಳ ನಡುವೆ, ಮರಗಳೆಲ್ಲ ಕೆಂಪೇರಿದ್ದ ಒಂದು ಬೆಳಿಗ್ಗೆ, ನ್ಯೂಜೆರ್ಸಿಯ ಮಗಳ ಮನೆಯಿಂದ ಫಿಲಡೆಲ್ಫಿಯಾದ ರೈಲು ಹತ್ತಿದೆ. ಮೈಸೂರಿನ ಕಾಲೇಜೊಂದರ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಿಯಾದ ನನಗೆ, ಅಮೆರಿಕದಲ್ಲಿ ನೋಡಬೇಕಾದ ಸ್ಥಳಗಳ ಪಟ್ಟಿಯಲ್ಲಿ ನಯಾಗರಾಕ್ಕಿಂತ ಮೇಲೆ ಈ ಊರಿತ್ತು. ಹದಿನೇಳನೆಯ ವಯಸ್ಸಿನಲ್ಲಿ, ಹಾಸ್ಟೆಲಿನ ಕೋಣೆಯಲ್ಲಿ, ಕರೆಂಟು ಹೋದ ರಾತ್ರಿಗಳಲ್ಲಿ ಸೀಮೆಎಣ್ಣೆ ದೀಪ ಹಚ್ಚಿಕೊಂಡು ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಓದಿದ್ದೆ. ಅದರ ಬೆನ್ನಿಗೇ ಎಡ್ಗರ್ ಅಲನ್ ಪೋನ ಕಥೆಗಳನ್ನು ಓದಿದೆ. ಕಿಟಕಿಗೆ ಬೆನ್ನು ಹಾಕಿ ಕೂರಲಾಗದಂತೆ ಮಾಡಿದ ಆ ಭಯವನ್ನು ಅವರು ಕಟ್ಟಿದ್ದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಪಾಳುಕೋಟೆ, ಬಿರುಗಾಳಿ, ಗೋರಿ, ಶಾಪ ಎಂದು ಗಾಥಿಕ್ ಕಥನದ ಸಾಮಗ್ರಿಯನ್ನು ಪಟ್ಟಿ ಮಾಡುವುದು ಸುಲಭ. ಆ ಪಟ್ಟಿಯನ್ನು ಓದಿ ಯಾರೂ ಹೆದರುವುದಿಲ್ಲ. ಸ್ಟೋಕರ್ ತನ್ನ ಕಾದಂಬರಿಗಾಗಿ ಬರೆದಿಟ್ಟ ಟಿಪ್ಪಣಿಗಳೂ ಪೋ ತನ್ನ ಕೈಯಾರೆ ಬರೆದ ಹಾಳೆಗಳೂ ಒಂದೇ ಊರಿನ ಎರಡು ಸಂಗ್ರಹಗಳಲ್ಲಿವೆ ಎಂದು ತಿಳಿದಾಗಿನಿಂದ, ಆ ಕಾಗದಗಳನ್ನೇ ಕೇಳಿ ನೋಡಬೇಕೆಂಬ ಆಸೆ ಬೆಳೆಯುತ್ತ ಬಂದಿತ್ತು.

ಮಧ್ಯಾಹ್ನಕ್ಕೆ ಮುಂಚೆಯೇ ವೈನ್ ಬೀದಿಯಲ್ಲಿರುವ ಫಿಲಡೆಲ್ಫಿಯಾ ಫ್ರೀ ಲೈಬ್ರರಿಯ ಕೇಂದ್ರ ಕಟ್ಟಡ ತಲುಪಿದೆ. 1927ರಲ್ಲಿ ತೆರೆದ ಈ ಕಟ್ಟಡ ಪ್ಯಾರಿಸ್ಸಿನ ಪ್ಲಾಸ್ ದ ಲಾ ಕಾಂಕಾರ್ಡ್‌ನ ಭವನಗಳ ಮಾದರಿಯದು. ಕಂಬಗಳ ಸಾಲು ದೊಡ್ಡದಾದರೂ ಒಳಗೆ ಅದು ಎಲ್ಲರ ಗ್ರಂಥಾಲಯವೇ: ಶಾಲೆಯ ಮಕ್ಕಳು, ಕೆಲಸ ಹುಡುಕುತ್ತಿರುವವರು, ದಿನಪತ್ರಿಕೆ ಓದುತ್ತ ಕುಳಿತ ಮುದುಕರು. ಅಪರೂಪದ ಪುಸ್ತಕಗಳ ವಿಭಾಗ ಮೂರನೆಯ ಮಹಡಿಯಲ್ಲಿದೆ; ಅದಕ್ಕೂ ಪ್ರವೇಶ ಶುಲ್ಕವಿಲ್ಲ. ಬೆಲೆ ಕಟ್ಟಲಾಗದ ಹಸ್ತಪ್ರತಿಯನ್ನು ಬೀದಿಯಿಂದ ನಡೆದು ಬಂದವರಿಗೆ ತೋರಿಸುವ ಆ ಔದಾರ್ಯಕ್ಕೆ ಮನಸ್ಸು ಮೊದಲಿಗೇ ಸೋತಿತು.

ಆ ಮಹಡಿಯ ಗಾಜಿನ ಪೆಟ್ಟಿಗೆಯೊಂದರಲ್ಲಿ ಗ್ರಿಪ್ ಇದೆ. ಚಾರ್ಲ್ಸ್ ಡಿಕನ್ಸ್ ಸಾಕಿದ್ದ ರೇವನ್ ಹಕ್ಕಿಯಿದು. ನಮ್ಮ ಅಂಗಳದ ಕಾಗೆಗಿಂತ ಬಹಳ ದೊಡ್ಡದು, ಕೊಕ್ಕು ಬಾಗಿದ ಕತ್ತಿಯಂತೆ ದಪ್ಪ. ಅದು 1841ರ ಮಾರ್ಚಿಯಲ್ಲಿ ಸತ್ತಾಗ ಡಿಕನ್ಸ್ ಅದರ ಚರ್ಮಕ್ಕೆ ಹೊಟ್ಟು ತುಂಬಿಸಿ ಇಟ್ಟುಕೊಂಡನು. ಅದೇ ವರ್ಷ ಪ್ರಕಟವಾದ ‘ಬಾರ್ನಬಿ ರಜ್’ ಕಾದಂಬರಿಯಲ್ಲಿ ಅದು ಪಾತ್ರವಾಗಿಯೂ ಬಂತು. ಆ ಕಾಲಕ್ಕೆ ಫಿಲಡೆಲ್ಫಿಯಾದಲ್ಲಿದ್ದು ‘ಗ್ರಹಾಮ್ಸ್ ಮ್ಯಾಗಜೀನ್’ ಎಂಬ ಪತ್ರಿಕೆಯ ಸಂಪಾದಕನಾಗಿದ್ದ ಪೋ 1842ರಲ್ಲಿ ಆ ಕಾದಂಬರಿಯ ವಿಮರ್ಶೆ ಬರೆಯುತ್ತ, ಈ ಹಕ್ಕಿಯ ಕೂಗನ್ನು ಭವಿಷ್ಯವಾಣಿಯಂತೆ ಕಥೆಯುದ್ದಕ್ಕೂ ಬಳಸಿಕೊಳ್ಳಬಹುದಿತ್ತು ಎಂಬ ಅಭಿಪ್ರಾಯ ಮುಂದಿಟ್ಟನು. ಅದೇ ವರ್ಷ ಮಾರ್ಚಿಯಲ್ಲಿ ಡಿಕನ್ಸ್ ಅಮೆರಿಕ ಪ್ರವಾಸದಲ್ಲಿ ಈ ಊರಿಗೆ ಬಂದಾಗ ಇಬ್ಬರ ಭೇಟಿಯೂ ಆಯಿತು. ಮೂರು ವರ್ಷದ ಮೇಲೆ, 1845ರ ಜನವರಿಯಲ್ಲಿ, ನ್ಯೂಯಾರ್ಕಿನ ಪತ್ರಿಕೆಯಲ್ಲಿ ಪೋನ ‘ದಿ ರೇವನ್’ ಕವಿತೆ ಅಚ್ಚಾಯಿತು. ಡಿಕನ್ಸ್ ಬಿಟ್ಟಿದ್ದ ಕೆಲಸವನ್ನು ಪೋ ಮಾಡಿ ಮುಗಿಸಿದನೆಂದು ಆ ಗಾಜಿನ ಮುಂದೆ ನಿಂತ ಯಾರಿಗಾದರೂ ಅನ್ನಿಸದೆ ಇರದು. ಶ್ರಾದ್ಧದ ದಿನ ಪಿಂಡಕ್ಕೆ ಕಾಗೆ ಬಾಯಿ ಹಾಕುವ ತನಕ ಉಸಿರು ಬಿಗಿಹಿಡಿದು ಕಾಯುವ ಮನೆಯಲ್ಲಿ ಬೆಳೆದವಳು ನಾನು. ಸತ್ತವರ ಸುದ್ದಿಯನ್ನು ಕಪ್ಪು ಹಕ್ಕಿಯೊಂದರ ಬಾಯಿಂದ ಕೇಳಲು ಕಾದು ಕುಳಿತ ಆ ಕವಿತೆಯ ಮನುಷ್ಯ ನನಗೆ ಎಂದೂ ಪರಕೀಯನಾಗಿ ಕಂಡಿಲ್ಲ.

ಗ್ರಿಪ್ ಇಲ್ಲಿಗೆ ಬಂದದ್ದು ರಿಚರ್ಡ್ ಗಿಂಬೆಲ್ ಎಂಬ ಸಂಗ್ರಾಹಕರಿಂದ. ವಾಯುಪಡೆಯಲ್ಲಿ ಕರ್ನಲ್ ಆಗಿದ್ದ ಅವರು ಜೀವನವಿಡೀ ಪೋಗೆ ಸಂಬಂಧಿಸಿದ್ದನ್ನೆಲ್ಲ ಕೂಡಿಹಾಕಿದರು. ಆ ಸಂಗ್ರಹ 1971ರಲ್ಲಿ ಈ ಗ್ರಂಥಾಲಯಕ್ಕೆ ಸೇರಿತು. ಪೋ 1848ರಲ್ಲಿ ಒಬ್ಬ ವೈದ್ಯನಿಗಾಗಿ ತನ್ನ ಅಂದವಾದ ಅಕ್ಷರದಲ್ಲಿ ನಕಲು ಮಾಡಿಕೊಟ್ಟ ‘ದಿ ರೇವನ್’ ಕವಿತೆಯ ಪೂರ್ಣ ಪ್ರತಿ ಅದರಲ್ಲಿದೆ. ಆದರೆ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ‘ದಿ ಮರ್ಡರ್ಸ್ ಇನ್ ದಿ ರೂ ಮಾರ್ಗ್’ ಕಥೆಯ ಹಸ್ತಪ್ರತಿ. 1841ರ ಈ ಕಥೆಯಿಂದಲೇ ಪತ್ತೇದಾರಿ ಕಥೆಯ ಪ್ರಕಾರ ಶುರುವಾಯಿತೆಂದು ಹೇಳುವುದುಂಟು. ಪೋ ಮೊದಲು ಶೀರ್ಷಿಕೆಯಲ್ಲಿ ಬರೆದಿದ್ದ ಬೀದಿಯ ಹೆಸರು ‘ರೂ ತ್ರಿಯಾನೋಂ-ಬಾ’. ಅದನ್ನು ಹೊಡೆದುಹಾಕಿ ‘ರೂ ಮಾರ್ಗ್’ ಎಂದು ಬರೆದನು. ಮಾರ್ಗ್ ಎಂದರೆ ಶವಾಗಾರ. ಬೀದಿಯ ಹೆಸರಿನಲ್ಲೇ ಹೆಣದ ವಾಸನೆ ತಂದಿಟ್ಟ ಆ ಒಂದು ಗೀರನ್ನು ನೋಡಿದಾಗ, ನಾನು ಹೊತ್ತು ತಂದಿದ್ದ ಪ್ರಶ್ನೆಗೆ ಉತ್ತರದ ಮೊದಲ ಸಾಲು ಸಿಕ್ಕಿತೆನಿಸಿತು.

ಈ ಹಸ್ತಪ್ರತಿ ಉಳಿದದ್ದೇ ಒಂದು ಕಥೆ. ಮೊಳೆ ಜೋಡಿಸಿ ಮುಗಿದ ಮೇಲೆ ಅದು ಮುದ್ರಣಾಲಯದ ಕಸದ ಬುಟ್ಟಿಗೆ ಬಿತ್ತು. ಅಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬ ಅದನ್ನು ಎತ್ತಿಕೊಂಡು ಮನೆಗೆ ಒಯ್ದ. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಯ ಕಟ್ಟಿನಲ್ಲಿ ಶಾಮಾಶಾಸ್ತ್ರಿಗಳಿಗೆ ‘ಅರ್ಥಶಾಸ್ತ್ರ’ ಸಿಕ್ಕ ಪ್ರಸಂಗ ನೆನಪಾಯಿತು. ಎತ್ತಿ ಇಟ್ಟವರ ಹೆಸರು ಸೂಚೀಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ವೃತ್ತಿ ನಿಂತಿರುವುದು ಅವರ ಮೇಲೆಯೇ.

ಎರಡನೆಯ ದಿನ: ಶುಕ್ರವಾರ

ಪೋ ಫಿಲಡೆಲ್ಫಿಯಾದಲ್ಲಿ ಇದ್ದದ್ದು 1838ರಿಂದ 1844ರವರೆಗೆ, ಸುಮಾರು ಆರು ವರ್ಷ. ಅಷ್ಟರಲ್ಲಿ ಹಲವು ಮನೆ ಬದಲಾಯಿಸಿದ. ಈಗ ಉಳಿದಿರುವುದು ಉತ್ತರ 7ನೆಯ ಬೀದಿಯ ಒಂದೇ ಮನೆ. ಅದನ್ನು ಕೊಂಡು ಕಾಪಾಡಿದವರೂ ಗಿಂಬೆಲ್ ಅವರೇ. ಈಗ ಅದು ರಾಷ್ಟ್ರೀಯ ಉದ್ಯಾನ ಸೇವೆಯ ಸ್ಮಾರಕ. ಟೊಪ್ಪಿಗೆ ತೊಟ್ಟ ರೇಂಜರ್ ಬಾಗಿಲಲ್ಲಿ ನಿಂತು ಬರಮಾಡಿಕೊಂಡರು. ಅಂಗಳದಲ್ಲಿ ಎತ್ತರದ ಕಂಬದ ಮೇಲೆ ರೆಕ್ಕೆ ಬಿಚ್ಚಿದ ರೇವನ್ ಪ್ರತಿಮೆಯಿದೆ.

ಲೇಖಕರ ಮನೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಬಳಸಿದ ಕನ್ನಡಕ, ಕುರ್ಚಿ, ಊರುಗೋಲು, ಗೋಡೆಯ ಮೇಲೆ ಹಾರ ಹಾಕಿದ ಪಟ ಇವೆಲ್ಲ ಇರುತ್ತವೆ. ಈ ಮನೆಯಲ್ಲಿ ಏನೂ ಇಲ್ಲ. ಇಲ್ಲಿ ಯಾವ ಸಾಮಾನು ಎಲ್ಲಿತ್ತೆಂಬ ನಂಬಬಹುದಾದ ದಾಖಲೆ ಉಳಿದಿಲ್ಲವಾದ್ದರಿಂದ, ಊಹಿಸಿ ತುಂಬುವುದಕ್ಕಿಂತ ಖಾಲಿ ಬಿಡುವುದೇ ಸರಿ ಎಂದು ಕೋಣೆಗಳನ್ನು ಬರಿದಾಗಿಯೇ ಇಟ್ಟಿದ್ದಾರೆ. ಸುಣ್ಣ ಉದುರಿದ ಗೋಡೆ, ಪದರ ಪದರವಾಗಿ ಕಾಣುವ ಹಳೆಯ ಬಣ್ಣ, ಕಿರಿದಾದ ಮೆಟ್ಟಿಲು, ಬೆಂಕಿಯಿಲ್ಲದ ಒಲೆಗೂಡು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ನನ್ನ ಹೆಜ್ಜೆಯ ಸದ್ದೇ ಮರಳಿ ಬರುತ್ತಿತ್ತು. ಸುಳ್ಳು ಮಂಚ, ಸುಳ್ಳು ಮೇಜು ಇಟ್ಟಿದ್ದರೆ ನಾನು ಅವನ್ನು ನೋಡಿ ಮುಂದೆ ಹೋಗುತ್ತಿದ್ದೆ. ಖಾಲಿ ಕೋಣೆ ನನ್ನನ್ನು ಕೂರಿಸಿತು. ಸಂಗ್ರಹಾಲಯವೊಂದು ಕೈಗೊಳ್ಳಬಹುದಾದ ತೀರ್ಮಾನಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪೋ ಇಲ್ಲಿಗೆ ಬರುವ ಹೊತ್ತಿಗೆ ಅವನ ಹೆಂಡತಿ ವರ್ಜೀನಿಯಾಗೆ ಕ್ಷಯ ತಗುಲಿತ್ತು. 1842ರ ಜನವರಿಯಲ್ಲಿ ಹಾಡುತ್ತಿದ್ದಾಗ ಅವಳ ಬಾಯಿಂದ ರಕ್ತ ಬಂತು. ಅಂದಿನಿಂದ ಐದು ವರ್ಷ ಅವಳು ಚೇತರಿಸಿಕೊಂಡು ಮತ್ತೆ ಮಲಗುವುದನ್ನು ಅವನು ನೋಡುತ್ತಲೇ ಇದ್ದ. ಅತ್ತೆ ಮರಿಯಾ ಕ್ಲೆಮ್ ಮನೆ ನಡೆಸುತ್ತಿದ್ದಳು, ಕ್ಯಾಟರೀನಾ ಎಂಬ ಬೆಕ್ಕೂ ಜೊತೆಗಿತ್ತು. ಈ ಊರಿನ ವರ್ಷಗಳಲ್ಲೇ ‘ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್’, ‘ದಿ ಮಾಸ್ಕ್ ಆಫ್ ದಿ ರೆಡ್ ಡೆತ್’, ‘ದಿ ಟೆಲ್-ಟೇಲ್ ಹಾರ್ಟ್’, ‘ದಿ ಬ್ಲ್ಯಾಕ್ ಕ್ಯಾಟ್’ ಹೊರಬಂದವು. ಸಾಯುತ್ತಿರುವ ಹೆಣ್ಣು, ಮುಚ್ಚಿದ ಗೋಡೆ, ಬಾಗಿಲು ಹಾಕಿಕೊಂಡರೂ ಒಳಗೆ ಬರುವ ರೋಗ: ಇವು ಗಾಥಿಕ್ ಕಥೆಯ ಸಿದ್ಧವಸ್ತುಗಳು ಎಂದು ಓದಿಕೊಂಡಿದ್ದ ನನಗೆ, ಆ ಮೇಲುಮಹಡಿಯ ಸಣ್ಣ ಕೋಣೆಯಲ್ಲಿ ಅವು ಒಂದು ಬಡ ಸಂಸಾರದ ದಿನಚರಿಯೇ ಆಗಿದ್ದವೆಂದು ಮನವರಿಕೆಯಾಯಿತು.

ಕೊನೆಗೆ ನೆಲಮಾಳಿಗೆಗೆ ಇಳಿದೆವು. ‘ದಿ ಬ್ಲ್ಯಾಕ್ ಕ್ಯಾಟ್’ ಕಥೆಯ ಕೊಲೆಗಾರ ಹೆಂಡತಿಯ ಶವವನ್ನು ನೆಲಮಾಳಿಗೆಯ ಗೋಡೆಯಲ್ಲಿ, ಹುಸಿ ಹೊಗೆಗೂಡಿನಂತೆ ಮುಂದಕ್ಕೆ ಚಾಚಿದ ಜಾಗದಲ್ಲಿ ಇಟ್ಟಿಗೆ ಕಟ್ಟಿ ಮುಚ್ಚುತ್ತಾನೆ. ಈ ನೆಲಮಾಳಿಗೆಯಲ್ಲೂ ಅಂಥದೇ ಚಾಚು ಇದೆ. ಕಥೆ ಅಚ್ಚಾದದ್ದು 1843ರ ಆಗಸ್ಟ್‌ನಲ್ಲಿ; ಪೋ ಈ ಮನೆಯಲ್ಲಿದ್ದ ಕಾಲವೂ ಹೆಚ್ಚುಕಡಿಮೆ ಅದೇ. ಅವನು ಕಥೆ ಬರೆದದ್ದು ಇದನ್ನು ನೋಡಿಯೇ ಎಂದು ರೇಂಜರ್ ಹೇಳಲಿಲ್ಲ. ನೋಡಿ ಎಂದು ದೀಪ ತೋರಿಸಿದರು, ಅಷ್ಟೆ. ನಮ್ಮ ಗುಂಪಿನಲ್ಲಿದ್ದ ಹತ್ತು ವರ್ಷದ ಹುಡುಗಿ ಇಟ್ಟಿಗೆಯ ಮೇಲೆ ಅಂಗೈ ಇಟ್ಟು ತಟ್ಟನೆ ಹಿಂದಕ್ಕೆ ಎಳೆದುಕೊಂಡಳು.

ಮೇಲೆ ಬಂದ ಮೇಲೆ ಪಕ್ಕದ ಕಟ್ಟಡದ ಓದುವ ಕೋಣೆಯಲ್ಲಿ ಕುಳಿತೆ. ಮನೆಯ ಅಲಂಕಾರ ಹೇಗಿರಬೇಕೆಂದು ಪೋ ಬರೆದಿದ್ದ ಲೇಖನವೊಂದರ ಪ್ರಕಾರ ಆ ಕೋಣೆಯನ್ನು ಸಜ್ಜುಗೊಳಿಸಿದ್ದಾರೆ: ಕಡುಗೆಂಪು ಪರದೆ, ಚಿನ್ನದ ಅಂಚು. ಅವನು ಬಯಸಿದ ಕೋಣೆ ಅದು, ಬದುಕಿದ್ದು ಪಕ್ಕದ ಕೋಣೆಗಳಲ್ಲಿ.

ಮೂರನೆಯ ದಿನ: ಶನಿವಾರ

ಡೆಲಾನ್ಸಿ ಪ್ಲೇಸ್ ಇಟ್ಟಿಗೆ ಮನೆಗಳ ಸಾಲಿನ, ಮರಗಳ ನೆರಳಿನ ಶಾಂತ ಬೀದಿ. ಅದರ 2008 ಮತ್ತು 2010ನೆಯ ಮನೆಗಳು ಸೇರಿ ರೋಸೆನ್‌ಬಾಕ್ ಸಂಗ್ರಹಾಲಯ. ಎ. ಎಸ್. ಡಬ್ಲ್ಯು. ರೋಸೆನ್‌ಬಾಕ್ ಮತ್ತು ಅವರ ಅಣ್ಣ ಫಿಲಿಪ್ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಪರೂಪದ ಪುಸ್ತಕಗಳ ಅತಿ ದೊಡ್ಡ ವ್ಯಾಪಾರಿಗಳಾಗಿದ್ದರು. ಮಾರಲು ಮನಸ್ಸು ಬಾರದ್ದನ್ನು ತಮ್ಮಲ್ಲೇ ಇಟ್ಟುಕೊಂಡರು. ಅವರ ನಂತರ 1954ರಲ್ಲಿ ಸಂಗ್ರಹಾಲಯ ಸ್ಥಾಪನೆಯಾಯಿತು. 2013ರಿಂದ ಅದು ಫ್ರೀ ಲೈಬ್ರರಿಯ ಜೊತೆಗೂಡಿದೆ. ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಹಸ್ತಪ್ರತಿಯೂ ಇಲ್ಲಿಯೇ ಇದೆ. ಆದರೆ ನಾನು ಬಂದದ್ದು ಸ್ಟೋಕರ್‌ನ ಟಿಪ್ಪಣಿಗಳಿಗಾಗಿ. ಅಕ್ಟೋಬರ್ ಬಂತೆಂದರೆ ಇಲ್ಲಿ ಡ್ರಾಕುಲಾನ ಹಬ್ಬ. ಉಪನ್ಯಾಸ, ಗಟ್ಟಿ ಓದು, ಗುಂಪು ಓದಿನ ತರಗತಿಗಳು ನಡೆಯುತ್ತವೆ. 2017ರಲ್ಲಿ ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಗೆ ಇನ್ನೂರು ತುಂಬುವ ಸಂದರ್ಭದಲ್ಲಿ, ಅದನ್ನೂ ಡ್ರಾಕುಲಾವನ್ನೂ ಆಯಾ ಕಾಲದ ವಿಜ್ಞಾನದ ಜೊತೆಗಿಟ್ಟು ನೋಡುವ ಪ್ರದರ್ಶನ ಇಲ್ಲಿ ಏರ್ಪಟ್ಟಿತ್ತು. ಕೋವಿಡ್ ಕಾಲದಲ್ಲಿ ಬಾಗಿಲು ಮುಚ್ಚಿದಾಗ ಭಾನುವಾರಗಳಂದು ಆನ್‌ಲೈನಿನಲ್ಲಿ ಡ್ರಾಕುಲಾವನ್ನು ಅಧ್ಯಾಯ ಅಧ್ಯಾಯವಾಗಿ ಓದಿ ಚರ್ಚಿಸಿದರು. ಮೈಸೂರಿನ ಮನೆಯೊಳಗೆ ಬಂಧಿಯಾಗಿದ್ದ ನಾನು ಆ ಚರ್ಚೆಗಳನ್ನು ಕೇಳಿದ್ದೆ. ಇಂದಿನ ಪ್ರವಾಸದ ಬೀಜ ಬಿದ್ದದ್ದು ಆಗಲೇ.

ಸಣ್ಣ ಗುಂಪಿಗೆಂದು ಮುಂಗಡವಾಗಿ ಕಾದಿರಿಸಬೇಕಾದ ವೀಕ್ಷಣೆಯದು. ಕೈ ತೊಳೆದು, ಪೆನ್ನುಗಳನ್ನು ಹೊರಗಿಟ್ಟು, ಪೆನ್ಸಿಲ್ ಮಾತ್ರ ಹಿಡಿದು ಮೇಜಿನ ಸುತ್ತ ಕುಳಿತೆವು. ಗ್ರಂಥಪಾಲಕಿ ಹಾಳೆಗಳನ್ನು ಒಂದೊಂದಾಗಿ ಮುಂದಿಟ್ಟರು. ನೂರಕ್ಕೂ ಹೆಚ್ಚು ಪುಟಗಳ ಈ ಟಿಪ್ಪಣಿಗಳಲ್ಲಿ ಕೆಲವು ಟೈಪ್ ಮಾಡಿದವು, ಹೆಚ್ಚಿನವು ಸ್ಟೋಕರ್‌ನ ಅವಸರದ, ಓದಲು ಕಷ್ಟವಾದ ಕೈಬರಹದವು. ಲಂಡನ್ನಿನ ಲೈಸಿಯಂ ನಾಟಕಶಾಲೆಯ ವ್ಯವಸ್ಥಾಪಕನಾಗಿ, ನಟ ಹೆನ್ರಿ ಅರ್ವಿಂಗ್‌ನ ಎಲ್ಲ ವ್ಯವಹಾರಗಳನ್ನೂ ನೋಡಿಕೊಳ್ಳುತ್ತಿದ್ದ ಅವನಿಗೆ ಬರೆಯಲು ಸಿಗುತ್ತಿದ್ದದ್ದು ಚೂರುಪಾರು ಸಮಯ ಮಾತ್ರ. ಹೋಟೆಲಿನ ಕಾಗದವಾದರೂ ಸರಿ, ಕೈಗೆ ಸಿಕ್ಕಿದ್ದರ ಮೇಲೆ ಬರೆದಿದ್ದಾನೆ. ಇವುಗಳಲ್ಲಿ ಕಾಣುವ ಅತಿ ಹಳೆಯ ದಿನಾಂಕ 1890ರ ಮಾರ್ಚ್ 8. ಕಾದಂಬರಿ ಪ್ರಕಟವಾದದ್ದು 1897ರ ಮೇ ತಿಂಗಳಲ್ಲಿ. ನಡುವೆ ಏಳು ವರ್ಷ.

ಪಾತ್ರಗಳ ಪಟ್ಟಿಯ ಪುಟ ಬಂದಾಗ ಮೇಜಿನ ಸುತ್ತ ಮಾತು ನಿಂತಿತು. ಅಲ್ಲಿ ಕಥೆಯ ಖಳನಾಯಕನಾದ ಕೌಂಟ್‌ನ (ಕೌಂಟ್ ಎಂದರೆ ಯುರೋಪಿನ ಶ್ರೀಮಂತ ಮನೆತನದ ಬಿರುದು) ಹೆಸರು ಮೊದಲು ‘ವಾಂಪೈರ್’ ಎಂದಿತ್ತು. ಹುಲಿಗೆ ಹುಲಿಯೆಂದೇ ಹೆಸರಿಟ್ಟಂತೆ, ರಕ್ತ ಹೀರುವವನಿಗೆ ಆ ಜಾತಿಯ ಹೆಸರನ್ನೇ ಇಟ್ಟಿದ್ದ. ಅದರ ಮೇಲೆ ಗೀರೆಳೆದು ‘ಡ್ರಾಕುಲಾ’ ಎಂದು ಬರೆದಿದ್ದಾನೆ; ಅಷ್ಟಕ್ಕೆ ತೃಪ್ತಿಯಾಗದೆ, ನಾಲಗೆಯ ಮೇಲೆ ಹೊರಳಿಸಿ ರುಚಿ ನೋಡುವವನಂತೆ, ಅದೇ ಪುಟದಲ್ಲಿ ಆ ಹೆಸರನ್ನು ಮತ್ತೆ ಮತ್ತೆ ಬರೆದಿದ್ದಾನೆ. ಹೆಸರು ಸಿಕ್ಕಿದ್ದು ಎಲ್ಲಿ ಎಂಬುದಕ್ಕೂ ಈ ಟಿಪ್ಪಣಿಗಳಲ್ಲೇ ಸಾಕ್ಷ್ಯವಿದೆ. 1890ರ ಬೇಸಿಗೆಯಲ್ಲಿ ಸ್ಟೋಕರ್ ರಜೆಗೆಂದು ಇಂಗ್ಲೆಂಡಿನ ಪೂರ್ವ ಕರಾವಳಿಯ ವಿಟ್ಬಿ ಊರಿಗೆ ಹೋಗಿದ್ದ. ಅಲ್ಲಿನ ಗ್ರಂಥಾಲಯದಲ್ಲಿ ವಿಲಿಯಂ ವಿಲ್ಕಿನ್‌ಸನ್ ಎಂಬವನು ಈಗಿನ ರುಮೇನಿಯಾದ ಕಡೆಯ ವಲಾಕಿಯಾ ಮತ್ತು ಮೊಲ್ಡೇವಿಯಾ ಸಂಸ್ಥಾನಗಳ ಬಗ್ಗೆ 1820ರಲ್ಲಿ ಪ್ರಕಟಿಸಿದ ಪುಸ್ತಕ ಸಿಕ್ಕಿತು. ವಲಾಕಿಯಾದ ಭಾಷೆಯಲ್ಲಿ ಡ್ರಾಕುಲಾ ಎಂದರೆ ದೆವ್ವ ಎಂಬ ಅಡಿಟಿಪ್ಪಣಿಯನ್ನು ಅವನು, ಪುಸ್ತಕದ ಗ್ರಂಥಾಲಯ ಕ್ರಮಸಂಖ್ಯೆಯ ಸಹಿತ, ಬರೆದುಕೊಂಡ. ಆ ಕ್ರಮಸಂಖ್ಯೆ ಕಂಡು ನನ್ನ ಕಣ್ಣು ತುಂಬಿತು. ಮೂವತ್ತು ವರ್ಷ ಪುಸ್ತಕಗಳ ಬೆನ್ನಿಗೆ ಅಂಥ ಚೀಟಿ ಅಂಟಿಸಿದವಳಿಗೆ, ಜಗತ್ತನ್ನೇ ಹೆದರಿಸಿದ ಹೆಸರೊಂದು ಯಾವುದೋ ಸಣ್ಣ ಊರಿನ ಕಪಾಟಿನಿಂದ ಎದ್ದು ಬಂದದ್ದೆಂದು ಕಣ್ಣಾರೆ ಕಾಣುವುದು ಸಣ್ಣ ಸಂಗತಿಯಲ್ಲ.

ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹದಿನೈದನೆಯ ಶತಮಾನದ ವಲಾಕಿಯಾದ ದೊರೆ, ಡ್ರಾಕುಲಾ ಎಂದೂ ಕರೆಸಿಕೊಂಡ, ಶೂಲಕ್ಕೇರಿಸುವ ವ್ಲಾಡ್‌ನ ಕ್ರೌರ್ಯವೇ ಈ ಕಾದಂಬರಿಯ ಮೂಲವೆಂದು ಸಿನಿಮಾಗಳೂ ಪ್ರವಾಸಿ ಕೈಪಿಡಿಗಳೂ ಹೇಳುತ್ತ ಬಂದಿವೆ. ಆ ವ್ಲಾಡ್‌ನ ಬಗ್ಗೆ 1488ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ಕಿರುಹೊತ್ತಗೆಯೂ ಇದೇ ಸಂಗ್ರಹಾಲಯದಲ್ಲಿದೆ. ಆದರೆ ಸ್ಟೋಕರ್‌ನ ಟಿಪ್ಪಣಿಗಳಲ್ಲಿ ವ್ಲಾಡ್ ಎಂಬ ಹೆಸರಾಗಲಿ ಶೂಲದ ಪ್ರಸ್ತಾಪವಾಗಲಿ ಇಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ಧ್ವನಿ, ಒಂದು ಅರ್ಥ. ಕಥೆಯನ್ನು ಮೊದಲು ಆಸ್ಟ್ರಿಯಾದ ಸ್ಟಿರಿಯಾ ಪ್ರಾಂತದಲ್ಲಿ ನಡೆಸಬೇಕೆಂದುಕೊಂಡಿದ್ದವನು ಅದನ್ನೂ ಬಿಟ್ಟು ಟ್ರಾನ್ಸಿಲ್ವೇನಿಯಾಕ್ಕೆ ಒಯ್ದದ್ದು ಪುಸ್ತಕಗಳನ್ನು ಓದಿಯೇ. ಆ ನಾಡಿಗೆ ಅವನು ಒಮ್ಮೆಯೂ ಹೋಗಿರಲಿಲ್ಲ.

ವಿಟ್ಬಿಯಲ್ಲಿ ಅವನು ಸುಮ್ಮನೆ ಕೂರಲಿಲ್ಲ. ಚರ್ಚಿನ ಅಂಗಳದ ಗೋರಿಗಳ ಮೇಲಿನ ಹೆಸರುಗಳನ್ನು ಸಾಲಾಗಿ ನಕಲು ಮಾಡಿಕೊಂಡ. ಅವುಗಳಲ್ಲೊಂದು ‘ಸ್ವೇಲ್ಸ್’, ಕಾದಂಬರಿಯ ಮುದುಕನ ಹೆಸರಾಯಿತು. ಬೆಸ್ತರ ಆಡುಮಾತಿನ ಪದಗಳನ್ನು ಅರ್ಥಸಹಿತ ಪಟ್ಟಿ ಮಾಡಿದ. 1885ರಲ್ಲಿ ಬಿರುಗಾಳಿಗೆ ಸಿಕ್ಕಿ ಆ ದಡಕ್ಕೆ ಬಡಿದ ‘ಡಿಮಿಟ್ರಿ’ ಎಂಬ ರಷ್ಯದ ಹಡಗಿನ ವಿವರವನ್ನು ಕರಾವಳಿ ಕಾವಲುಗಾರನಿಂದ ಕೇಳಿ ಬರೆದುಕೊಂಡ. ಅದು ಕಥೆಯಲ್ಲಿ ‘ಡಿಮೀಟರ್’ ಆಗಿ, ಚುಕ್ಕಾಣಿಗೆ ಕಟ್ಟಿಕೊಂಡ ಸತ್ತ ನಾವಿಕನೊಂದಿಗೆ ಬಂದರಿಗೆ ನುಗ್ಗಿತು. ತಲೆಗೆ ಪೆಟ್ಟಾದರೆ ಏನಾಗುತ್ತದೆಂದು ಶಸ್ತ್ರವೈದ್ಯನಾಗಿದ್ದ ಅಣ್ಣ ಥಾರ್ನ್‌ಲಿ ಬರೆದುಕೊಟ್ಟ ಚೀಟಿ ಇದೆ, ರೈಲಿನ ಹೊತ್ತುಗಳಿವೆ, ಯಾವ ದಿನ ಯಾರು ಎಲ್ಲಿದ್ದರೆಂದು ತುಂಬಿದ ಪಂಚಾಂಗದಂಥ ಹಾಳೆಗಳಿವೆ. ನಂಬಲಾಗದ್ದನ್ನು ನಂಬಿಸಬೇಕಾದರೆ ಸುತ್ತಲಿನದೆಲ್ಲ ಗಡಿಯಾರದಷ್ಟು ನಿಖರವಾಗಿರಬೇಕೆಂದು ನಾಟಕಶಾಲೆಯ ಲೆಕ್ಕಪತ್ರ ನೋಡುತ್ತಿದ್ದ ಈ ಮನುಷ್ಯನಿಗೆ ಗೊತ್ತಿತ್ತು. ನನ್ನ ಹಾಸ್ಟೆಲಿನ ರಾತ್ರಿಗಳ ಭಯ ಹುಟ್ಟಿದ್ದು ರಕ್ತದಿಂದಲ್ಲ, ಈ ರೈಲಿನ ಹೊತ್ತುಗಳಿಂದ.

ಬಿಟ್ಟದ್ದೂ ಬಹಳವಿದೆ. ಜರ್ಮನ್ ಪ್ರಾಧ್ಯಾಪಕ, ಚಿತ್ರಕಾರ, ಪತ್ತೇದಾರ ಮೊದಲಾದವರು ಪಟ್ಟಿಯಲ್ಲಿದ್ದು ಕಾದಂಬರಿಗೆ ಬರಲೇ ಇಲ್ಲ. ಹದಿಮೂರು ಮಂದಿಯ ಔತಣದಲ್ಲಿ ಒಬ್ಬೊಬ್ಬರೂ ಒಂದೊಂದು ವಿಚಿತ್ರ ಸಂಗತಿ ಹೇಳಿ, ಕೊನೆಗೆ ಕೌಂಟ್ ಒಳಗೆ ಬರುವ ದೃಶ್ಯವೊಂದನ್ನು ಯೋಚಿಸಿ ಕೈಬಿಟ್ಟಿದ್ದಾನೆ. ಕೌಂಟ್‌ನ ಲಕ್ಷಣಗಳ ಪಟ್ಟಿಯಲ್ಲಿ ಕನ್ನಡಿಯಲ್ಲಿ ಅವನ ಬಿಂಬ ಕಾಣದು ಎಂಬುದಿದೆ. ಚಿತ್ರಕಾರರು ಎಷ್ಟು ಬರೆದರೂ ಮುಖ ಬೇರೊಬ್ಬರದಾಗುತ್ತದೆ, ಕೊಡಾಕ್ ಕ್ಯಾಮೆರಾದಲ್ಲಿ ಹಿಡಿದರೆ ಕಪ್ಪಾಗಿಯೋ ಅಸ್ಥಿಪಂಜರವಾಗಿಯೋ ಬರುತ್ತಾನೆ ಎಂಬುದೂ ಇದೆ. ಕನ್ನಡಿ ಉಳಿಯಿತು, ಇನ್ನೆರಡು ಹೋದವು. ಕನ್ನಡಿಯೊಂದನ್ನೇ ಉಳಿಸಿದ್ದು ಸರಿಯೆಂದೇ ನನ್ನ ತೀರ್ಮಾನ. ಗಡ್ಡ ಹೆರೆಯಲು ಕನ್ನಡಿಯ ಮುಂದೆ ನಿಂತವನ ಹೆಗಲ ಹಿಂದಿನ ಖಾಲಿ ಜಾಗಕ್ಕೆ ಸಮನಾದದ್ದು ಯಾವುದಿದೆ?

ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲು: ಹೊಸ್ತಿಲು ದಾಟಬೇಕಾದರೆ ಅವನನ್ನು ಹೊತ್ತೋ ಕೈಹಿಡಿದೋ ಒಳಗೆ ಕರೆದೊಯ್ಯಬೇಕು. ಕಾದಂಬರಿಯಲ್ಲಿ ಇದು ಮನೆಯವರು ಕರೆಯದೆ ಮೊದಲ ಸಲ ಒಳಗೆ ಬರಲಾರ ಎಂಬ ನಿಯಮವಾಯಿತು. ನಮ್ಮ ಬೀದಿಗಳಲ್ಲಿ ಒಂದು ಕಾಲಕ್ಕೆ ಮನೆಮನೆಯ ಬಾಗಿಲ ಮೇಲೆ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ‘ನಾಳೆ ಬಾ’ ಎಂದು ಬರೆದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಸ್ತಿಲಿನಲ್ಲಿ ನಿಂತದ್ದಕ್ಕೆ ಮನೆಯವರ ಮಾತಿನ ಹಂಗಿದೆ ಎಂಬ ನಂಬಿಕೆ ವಲಾಕಿಯಾಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮ ಬೇತಾಳನೂ ಸ್ಟೋಕರ್‌ನ ಪರಿಚಯದ ವಲಯಕ್ಕೆ ದೂರದವನಲ್ಲ: ಬೇತಾಳನ ಕಥೆಗಳನ್ನು 1870ರಲ್ಲಿ ಇಂಗ್ಲಿಷಿನಲ್ಲಿ ಹೇಳಿದ ರಿಚರ್ಡ್ ಬರ್ಟನ್‌ನನ್ನು ಸ್ಟೋಕರ್ ಬಲ್ಲವನಾಗಿದ್ದ; ಬರ್ಟನ್ ಮಾತಾಡುವಾಗ ತುಟಿ ಸರಿದು ಕಾಣುತ್ತಿದ್ದ ಕೋರೆಹಲ್ಲನ್ನು ತನ್ನ ನೆನಪಿನ ಬರಹಗಳಲ್ಲಿ ದಾಖಲಿಸಿದ್ದಾನೆ.

ಸ್ಟೋಕರ್ 1912ರಲ್ಲಿ ತೀರಿಕೊಂಡ. ಮರುವರ್ಷ ಅವನ ಹೆಂಡತಿ ಫ್ಲಾರೆನ್ಸ್ ಪುಸ್ತಕಗಳನ್ನೂ ಕಾಗದಗಳನ್ನೂ ಲಂಡನ್ನಿನ ಸೋದಬೀಸ್‌ನಲ್ಲಿ ಹರಾಜಿಗೆ ಇಟ್ಟಾಗ ಈ ಟಿಪ್ಪಣಿಗಳು ಎರಡು ಪೌಂಡಿಗೆ ತುಸು ಮೇಲೆ ಮಾರಾಟವಾದವು. ಕೈಯಿಂದ ಕೈಗೆ ಹೋಗಿ 1970ರಲ್ಲಿ ರೋಸೆನ್‌ಬಾಕ್‌ಗೆ ಬಂದವು. ಹೊರಡುವ ಮುನ್ನ ಗ್ರಂಥಪಾಲಕಿಯ ಕೈ ಹಿಡಿದು ಧನ್ಯವಾದ ಹೇಳಿದೆ. ನಾನೂ ಅದೇ ಕೆಲಸದವಳೆಂದು ಕೇಳಿ ಅವರು ‘ಡ್ರಾಕುಲಾ’ ಎಂದು ಮತ್ತೆ ಮತ್ತೆ ಬರೆದ ಆ ಪುಟವನ್ನು ಇನ್ನೊಮ್ಮೆ ಹೊರತೆಗೆದು ತೋರಿಸಿದರು.

ಸಂಜೆ ಡೆಲವೇರ್ ನದಿಯ ಆಚೆಗಿನ ಕ್ಯಾಮ್ಡನ್‌ಗೆ ಹೋಗಿ, ಕವಿ ವಾಲ್ಟ್ ವಿಟ್‌ಮನ್‌ನ ಕೊನೆಯ ವರ್ಷಗಳ ಮನೆಯನ್ನು ಹೊರಗಿನಿಂದಲೇ ನೋಡಿ ಬಂದೆ. ಡಬ್ಲಿನ್ನಿನ ತರುಣನಾಗಿದ್ದಾಗ ಸ್ಟೋಕರ್ ಅವನಿಗೆ ತನ್ನ ಮನಸ್ಸನ್ನೆಲ್ಲ ತೋಡಿಕೊಂಡು ಪತ್ರ ಬರೆದು, ನಾಲ್ಕು ವರ್ಷ ಕಳಿಸದೆ ಇಟ್ಟುಕೊಂಡಿದ್ದ. ಮುಂದೆ ಅರ್ವಿಂಗ್‌ನ ನಾಟಕ ತಂಡದೊಂದಿಗೆ ಅಮೆರಿಕಕ್ಕೆ ಬಂದಾಗ ಅವನನ್ನು ಮೂರು ಸಲ ಕಂಡ.

ನಾಲ್ಕನೆಯ ದಿನ: ಭಾನುವಾರ

ಬಾಲ್ಟಿಮೋರ್ ರೈಲಿನಲ್ಲಿ ಒಂದು ಗಂಟೆಯ ಚಿಲ್ಲರೆ ದಾರಿ. ಆಮಿಟಿ ಬೀದಿಯ ಪುಟ್ಟ ಇಟ್ಟಿಗೆ ಮನೆಗೆ ಮೊದಲು ಹೋದೆ. ಇಪ್ಪತ್ತರ ಹರೆಯದ ಪೋ 1833ರಿಂದ 1835ರವರೆಗೆ ಅತ್ತೆ, ಅಜ್ಜಿ, ವರ್ಜೀನಿಯಾರೊಂದಿಗೆ ಇಲ್ಲಿದ್ದ. ಸಂಸಾರ ನಡೆಯುತ್ತಿದ್ದದ್ದು ಮುಖ್ಯವಾಗಿ ಅಜ್ಜಿಯ ಪಿಂಚಣಿಯಲ್ಲಿ. ಇಲ್ಲಿದ್ದಾಗಲೇ ‘ಎಂಎಸ್. ಫೌಂಡ್ ಇನ್ ಎ ಬಾಟಲ್’ ಕಥೆಗೆ 50 ಡಾಲರ್ ಬಹುಮಾನ ಬಂತು. ಅಟ್ಟದ ಕೋಣೆಗೆ ಹೋಗುವ ಮೆಟ್ಟಿಲು ಎಷ್ಟು ಕಿರಿದು, ಎಷ್ಟು ಕಡಿದೆಂದರೆ, ಎರಡೂ ಕಡೆ ಭುಜ ತಾಗಿಸಿಕೊಂಡು ಹತ್ತಬೇಕು. ಈ ಬೀದಿಯನ್ನೆಲ್ಲ ಕೆಡವಿ ವಸತಿ ಸಮುಚ್ಚಯ ಕಟ್ಟುವಾಗ ಊರಿನ ಪೋ ಅಭಿಮಾನಿಗಳ ಸಂಘ ಈ ಮನೆಯನ್ನು ಉಳಿಸಿಕೊಂಡು 1949ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ಮಧ್ಯೆ ನಗರಾಡಳಿತದ ಹಣ ನಿಂತು ಬಾಗಿಲು ಮುಚ್ಚಿ, 2013ರಲ್ಲಿ ಮತ್ತೆ ತೆರೆಯಿತು. ಪೋ ಬಳಸಿದ ಮಡಚುವ ಬರೆಹದ ಪೆಟ್ಟಿಗೆಯನ್ನು ಅಲ್ಲಿ ಕಂಡೆ. ಮನೆಯಿಂದ ಮನೆಗೆ ಓಡುತ್ತಲೇ ಬದುಕಿದವನಿಗೆ ತಕ್ಕ ಮೇಜು.

ಫೇಯೆಟ್ ಮತ್ತು ಗ್ರೀನ್ ಬೀದಿಗಳು ಕೂಡುವಲ್ಲಿ ವೆಸ್ಟ್‌ಮಿನ್‌ಸ್ಟರ್ ಸ್ಮಶಾನ. 1849ರ ಅಕ್ಟೋಬರ್ 3ರಂದು ಈ ಊರಿನ ಮತಗಟ್ಟೆಯಾಗಿದ್ದ ಹೆಂಡದಂಗಡಿಯೊಂದರ ಬಳಿ ಅರೆಪ್ರಜ್ಞೆಯಲ್ಲಿ ಸಿಕ್ಕ ಪೋ 7ರಂದು ಆಸ್ಪತ್ರೆಯಲ್ಲಿ ಸತ್ತ. ಬೆರಳೆಣಿಕೆಯ ಮಂದಿ ಸೇರಿ ಇಲ್ಲಿಯ ಹಿಂಭಾಗದಲ್ಲಿ ಮಣ್ಣು ಮಾಡಿದರು. ಮೂರು ವರ್ಷದ ಮೇಲೆ ಗೋರಿಗಳ ಮೇಲೆಯೇ ಕಮಾನುಗಳನ್ನು ಎತ್ತಿ ಗಾಥಿಕ್ ಶೈಲಿಯ ಚರ್ಚು ಕಟ್ಟಿದ್ದರಿಂದ, ಕೆಲವು ಸಮಾಧಿಗಳು ಈಗ ಅದರ ಕೆಳಗಿನ ಕತ್ತಲಲ್ಲಿವೆ. ಸಾರಾ ಸಿಗೋರ್ನಿ ರೈಸ್ ಎಂಬ ಶಿಕ್ಷಕಿ ಮುಂದಾಳಾಗಿ, ಶಾಲಾ ಮಕ್ಕಳಿಂದಲೂ ಕಾಸು ಕೂಡಿಸಿ, 1875ರ ನವೆಂಬರಿನಲ್ಲಿ ಬಾಗಿಲ ಪಕ್ಕದಲ್ಲೇ ಅಮೃತಶಿಲೆಯ ಸ್ಮಾರಕ ನಿಲ್ಲಿಸಿದರು. ಆಹ್ವಾನ ಹೋದ ಹೆಸರಾಂತ ಕವಿಗಳಲ್ಲಿ ಬಂದವನು ವಿಟ್‌ಮನ್ ಒಬ್ಬನೇ. ಪಾರ್ಶ್ವವಾಯುವಿನಿಂದ ಕುಂಟುತ್ತಲೇ ಬಂದು ಕುಳಿತಿದ್ದ. ನಿನ್ನೆ ಸಂಜೆ ಕಂಡ ಆ ಮನೆಯ ಮುದುಕ ಒಂದು ಕೈಯಿಂದ ಪೋನ ಗೋರಿಯನ್ನೂ ಇನ್ನೊಂದು ಕೈಯಿಂದ ಸ್ಟೋಕರ್‌ನ ಕೈಯನ್ನೂ ಮುಟ್ಟಿದ್ದನೆಂಬುದು ಆ ಕಲ್ಲಿನ ಮುಂದೆ ನಿಂತಾಗಲೇ ನನಗೆ ಹೊಳೆದದ್ದು. ಮುಂದೆ ಹಲವು ದಶಕಗಳ ಕಾಲ, 2009ರವರೆಗೆ, ಪ್ರತಿ ಜನವರಿ 19ರ ರಾತ್ರಿ ಮುಖ ಮರೆಸಿಕೊಂಡ ಒಬ್ಬರು ಬಂದು ಪೋನ ಗೋರಿಯ ಮೇಲೆ ಮೂರು ಗುಲಾಬಿಯನ್ನೂ ಕೋನ್ಯಾಕ್ ಶೀಸೆಯನ್ನೂ ಇಟ್ಟು ಹೋಗುತ್ತಿದ್ದರು. ಅದು ಯಾರೆಂದು ಪತ್ತೆ ಮಾಡದೆ ಬಿಟ್ಟ ಊರಿನವರ ಮರ್ಯಾದೆಯನ್ನು ನಾನು ಮೆಚ್ಚುತ್ತೇನೆ.

ಇಂದು ಭಾನುವಾರವಾದ್ದರಿಂದ ಜನ ಬಂದು ಹೋಗುತ್ತಿದ್ದರು. ಕಲ್ಲಿನ ಅಂಚಿನ ಮೇಲೆ ತಾಮ್ರದ ಪೆನ್ನಿ ನಾಣ್ಯಗಳು ಸಾಲಾಗಿದ್ದವು. ವಿಟ್ಬಿಯ ಚರ್ಚಿನ ಅಂಗಳದಲ್ಲಿ ಸ್ಟೋಕರ್ ಮಾಡಿದಂತೆ ನಾನೂ ನೋಟ್‌ಬುಕ್ ತೆರೆದು, ನಿನ್ನೆಯ ಪೆನ್ಸಿಲಿನಿಂದ, ಸ್ಮಾರಕದ ಮೇಲೆ ಕೆತ್ತಿದ್ದನ್ನು ನಕಲು ಮಾಡಿಕೊಂಡೆ. ಹುಟ್ಟಿದ ದಿನವೆಂದು ಅಲ್ಲಿ ಕೆತ್ತಿರುವುದು 1809ರ ಜನವರಿ 20. ಪೋ ಹುಟ್ಟಿದ್ದು 19ರಂದು; ಕಲ್ಲಿನ ತಪ್ಪು ಸುಮಾರು ನೂರೈವತ್ತು ವರ್ಷದಿಂದ ಹಾಗೆಯೇ ಉಳಿದಿದೆ. ಕಂಡಂತೆ 20 ಎಂದು ಬರೆದೆ, ಅದರ ಮೇಲೆ ಒಂದು ಗೀರೆಳೆದೆ, ಪಕ್ಕದಲ್ಲಿ 19 ಎಂದು ಬರೆದೆ.